ಬೆವರು ಮತ್ತು ದೇಹದುರ್ಗಂಧ: ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರಿಹಾರಗಳು

ಸ್ನಾನ, ವಿಭೂತಿಧಾರಣೆ, ಇಷ್ಟಲಿಂಗಪೂಜೆಗಳಿಂದ ದಿನವನ್ನು ಆರಂಭಿಸುವ ಸಂಪ್ರದಾಯ ನಮ್ಮದು. ಮುಂಜಾನೆ ಹೀಗೆ ಶುಚಿಯಾದ ದೇಹವೇ ಮಧ್ಯಾಹ್ನದ ಹೊತ್ತಿಗೆ ಬೆವರಿನಿಂದ ತೊಯ್ದು ವಾಸನೆ ಬೀರತೊಡಗಿದಾಗ ಅನೇಕರು ಸಂಕೋಚಪಡುತ್ತಾರೆ. ಪ್ರಸಾದದ ಪಂಕ್ತಿಯಲ್ಲಾಗಲಿ, ಬಸ್ಸಿನಲ್ಲಾಗಲಿ ಪಕ್ಕದವರು ತುಸು ಸರಿದು ಕುಳಿತರೂ ಸಾಕು, ಮನಸ್ಸು ಮುದುಡುತ್ತದೆ. ಜ್ವರ, ಕೆಮ್ಮುಗಳನ್ನು ಹೇಳಿಕೊಂಡಷ್ಟು ಸುಲಭವಾಗಿ ಇದನ್ನು ಯಾರೂ ವೈದ್ಯರ ಮುಂದೆ ಹೇಳಿಕೊಳ್ಳುವುದಿಲ್ಲ. ಕೇಳಲು ನಾಚಿ, ತಮಗೆ ತೋಚಿದ ಉಪಾಯಗಳನ್ನು ಮಾಡಿ ಚರ್ಮವನ್ನು ಹಾಳುಮಾಡಿಕೊಂಡು ಬರುವವರೇ ಹೆಚ್ಚು. ಆದ್ದರಿಂದ ಈ ವಿಷಯವನ್ನು ಸದ್ಭಕ್ತರ ಮುಂದೆ ಸ್ವಲ್ಪ ವಿವರವಾಗಿಯೇ ಇಡುತ್ತಿದ್ದೇನೆ.

ಬೆವರಿನ ಕೆಲಸ

ಆಯುರ್ವೇದವು ಮಲ, ಮೂತ್ರ, ಸ್ವೇದ ಎಂಬ ಮೂರು ಮಲಗಳನ್ನು ಹೇಳುತ್ತದೆ. ಇವುಗಳಲ್ಲಿ ಸ್ವೇದವು ಮೇದೋಧಾತುವಿನ ಮಲ. ಸ್ವೇದವಹ ಸ್ರೋತಸ್ಸಿನ ಮೂಲಗಳು ಮೇದಸ್ಸು ಮತ್ತು ರೋಮಕೂಪಗಳೆಂದು ಚರಕಸಂಹಿತೆ ಹೇಳುತ್ತದೆ. ದೇಹದಲ್ಲಿರುವ ಕ್ಲೇದವನ್ನು, ಅಂದರೆ ತೇವಾಂಶವನ್ನು, ಹತೋಟಿಯಲ್ಲಿಡುವುದು ಸ್ವೇದದ ಕಾರ್ಯ.

ಆಧುನಿಕ ಶರೀರಶಾಸ್ತ್ರದ ಪ್ರಕಾರ ನಮ್ಮ ಚರ್ಮದಲ್ಲಿ ಸುಮಾರು 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಬಹುತೇಕ ಗ್ರಂಥಿಗಳು ಸ್ರವಿಸುವುದು ಉಪ್ಪು ಬೆರೆತ ತಿಳಿಯಾದ ನೀರನ್ನು. ಅದು ಆವಿಯಾಗುವಾಗ ಮೈ ತಂಪಾಗುತ್ತದೆ. ಕಂಕುಳು, ತೊಡೆಸಂದುಗಳಲ್ಲಿ ಇನ್ನೊಂದು ಬಗೆಯ ಗ್ರಂಥಿಗಳಿವೆ. ಅವು ಹರೆಯ ಬಂದ ಮೇಲೆ ಕೆಲಸ ಆರಂಭಿಸುತ್ತವೆ. ಅವುಗಳ ಸ್ರಾವದಲ್ಲಿ ಕೊಬ್ಬು ಮತ್ತು ಪ್ರೋಟೀನಿನ ಅಂಶಗಳಿರುತ್ತವೆ. ಚಿಕ್ಕ ಮಕ್ಕಳು ದಿನವಿಡೀ ಆಡಿ ಬೆವರಿದರೂ ಅವರ ಮೈ ದೊಡ್ಡವರ ಮೈಯಂತೆ ನಾರದಿರಲು ಇದೇ ಕಾರಣ.

ವಾಸನೆ ಎಲ್ಲಿಂದ ಬರುತ್ತದೆ?

ಆಗತಾನೇ ಹೊರಬಂದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಚರ್ಮದ ಮೇಲೆ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಾಗಳು ಕಂಕುಳಿನ ಸ್ರಾವವನ್ನು ಒಡೆಯುವಾಗ ಹುಟ್ಟುವ ಆಮ್ಲಗಳು ಮತ್ತು ಗಂಧಕಯುಕ್ತ ಪದಾರ್ಥಗಳು ನಮ್ಮ ಮೂಗಿಗೆ ದುರ್ಗಂಧವಾಗಿ ತಟ್ಟುತ್ತವೆ. ಈ ಜೀವಾಣುಗಳಿಗೆ ಬೇಕಾದುದು ಮೂರು: ತೇವ, ಬಿಸುಪು, ಗಾಳಿಯಾಡದ ಜಾಗ. ಕಂಕುಳಿನಲ್ಲಿ ಈ ಮೂರೂ ಒಟ್ಟಿಗೆ ಸಿಗುತ್ತವೆ.

ಇಷ್ಟು ತಿಳಿದರೆ ಚಿಕಿತ್ಸೆಯ ಸೂತ್ರ ತಾನಾಗಿಯೇ ಹೊಳೆಯುತ್ತದೆ. ಬೆವರನ್ನು ತಡೆಯುವುದಕ್ಕಾಗಲಿ, ವಾಸನೆಯ ಮೇಲೆ ಸುಗಂಧವನ್ನು ಸುರಿಯುವುದಕ್ಕಾಗಲಿ ಹೋಗಬೇಕಾಗಿಲ್ಲ. ಆ ಜಾಗವನ್ನು ಶುಚಿಯಾಗಿ, ಒಣಗಿಸಿ ಇಟ್ಟುಕೊಂಡು ಜೀವಾಣುಗಳ ಬೆಳವಣಿಗೆಯನ್ನು ತಗ್ಗಿಸಿದರೆ ಸಾಕು.

ಅಂಗಡಿಯಲ್ಲಿ ದೊರೆಯುವ ವಸ್ತುಗಳಲ್ಲಿ ಎರಡು ಬಗೆ. ಡಿಯೋಡರೆಂಟ್ ವಾಸನೆಯನ್ನು ತಗ್ಗಿಸುತ್ತದೆ ಅಥವಾ ಮರೆಮಾಚುತ್ತದೆ. ಆ್ಯಂಟಿಪರ್ಸ್ಪಿರೆಂಟ್ ಎಂಬುದು ಅಲ್ಯೂಮಿನಿಯಂ ಲವಣಗಳ ಸಹಾಯದಿಂದ ಬೆವರುನಾಳಗಳ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಇವುಗಳಿಂದ ಕ್ಯಾನ್ಸರ್ ಬರುತ್ತದೆಂಬ ಮಾತು ಹರಡಿದೆಯಾದರೂ ಅದು ಸಾಬೀತಾಗಿಲ್ಲ. ಆದರೆ ಕೃತಕ ಸುಗಂಧಗಳಿಂದ ಕೆಲವರಿಗೆ ತುರಿಕೆ, ಗಂಧೆಗಳು ಬರುವುದನ್ನು ಚಿಕಿತ್ಸಾಲಯದಲ್ಲಿ ನಿತ್ಯವೂ ಕಾಣುತ್ತೇವೆ. ಅಂಥವರಿಗೆ ಮನೆಯ ದ್ರವ್ಯಗಳು ಅನುಕೂಲ.

ಚರಕರು ಹೇಳಿದ ಎರಡು ಯೋಗಗಳು

ಈ ಸಮಸ್ಯೆ ಇಂದಿನದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 3ನೆಯ ಅಧ್ಯಾಯವಾದ ಆರಗ್ವಧೀಯದ ಕೊನೆಯಲ್ಲಿ ಇದಕ್ಕೆಂದೇ ಎರಡು ಯೋಗಗಳಿವೆ. ಮೊದಲನೆಯದು ಶಿರೀಷ, ಲಾಮಜ್ಜಕ, ನಾಗಕೇಸರ ಮತ್ತು ಲೋಧ್ರಗಳ ಚೂರ್ಣ. ಶಿರೀಷವೆಂದರೆ ನಮ್ಮ ಬಾಗೆಮರ. ಲಾಮಜ್ಜಕವು ಲಾವಂಚದ ಜಾತಿಗೆ ಸೇರಿದ ಹುಲ್ಲು. ಈ ಚೂರ್ಣವನ್ನು ಮೈಗೆ ತಿಕ್ಕುವುದರಿಂದ ಚರ್ಮದ ದೋಷಗಳೂ ಅತಿಯಾದ ಬೆವರೂ ಶಮನವಾಗುತ್ತವೆಂದು ಆಚಾರ್ಯರ ಅಭಿಪ್ರಾಯ. ಎರಡನೆಯದು ದೇಹದ ದುರ್ಗಂಧಕ್ಕೆ ಹೇಳಿದ ಲೇಪ. ಅದರಲ್ಲಿ ಪತ್ರ, ಹ್ರೀಬೇರ, ಅಗರು, ಲಾವಂಚ, ಚಂದನಗಳಿವೆ.

ಇವುಗಳ ಗುಣಗಳನ್ನು ಗಮನಿಸಿ. ಲೋಧ್ರದ ತೊಗಟೆಯ ಒಗರು ಸ್ರಾವವನ್ನು ತಗ್ಗಿಸಿ ಒಣಗಿಸುತ್ತದೆ. ಲಾವಂಚ, ಚಂದನಗಳು ಶೀತಗುಣದವು. ಉರಿಯನ್ನು ಶಮನಗೊಳಿಸಿ ಸುಗಂಧವನ್ನು ಕೊಡುತ್ತವೆ. ಚೂರ್ಣದಿಂದ ಮೈ ಉಜ್ಜುವ ಕ್ರಮಕ್ಕೆ ಉದ್ವರ್ತನವೆಂದು ಹೆಸರು. ಅದು ಕಫವನ್ನೂ ಮೇದಸ್ಸನ್ನೂ ಕರಗಿಸಿ ಚರ್ಮವನ್ನು ಪ್ರಸನ್ನಗೊಳಿಸುತ್ತದೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಈ ತತ್ತ್ವವನ್ನು ಅನುಸರಿಸಿ, ಇಂದು ಸುಲಭವಾಗಿ ದೊರೆಯುವ ದ್ರವ್ಯಗಳಿಂದ ನಾಲ್ಕು ಬಗೆಗಳನ್ನು ಮಾಡಿಕೊಳ್ಳಬಹುದು. ಮೂಲಿಕೆಗಳೆಲ್ಲ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ.

ತಯಾರಿಸುವ ಕ್ರಮ

1. ಸ್ನಾನಚೂರ್ಣ: ಹೆಸರುಹಿಟ್ಟು 4 ಭಾಗ, ಲಾವಂಚದ ಬೇರಿನ ಪುಡಿ 1 ಭಾಗ, ಲೋಧ್ರದ ಪುಡಿ ಅರ್ಧ ಭಾಗ, ಕಚೋರದ ಪುಡಿ ಅರ್ಧ ಭಾಗ. ಎಲ್ಲವನ್ನೂ ಬೆರೆಸಿ ತೇವವಿಲ್ಲದ ಡಬ್ಬಿಯಲ್ಲಿಡಿ. ಸ್ನಾನದ ಸಮಯದಲ್ಲಿ ಎರಡು ಚಮಚ ಪುಡಿಯನ್ನು ನೀರಿನಲ್ಲಿ ಕಲಸಿ, ಕಂಕುಳು ಮೊದಲಾದೆಡೆ ಹಚ್ಚಿ, ಎರಡು ನಿಮಿಷ ಬಿಟ್ಟು, ಮೆಲ್ಲನೆ ಉಜ್ಜಿ ತೊಳೆಯಿರಿ. ತೆಂಗಿನ ನಾರಿನಿಂದಲೋ ಕಲ್ಲಿನಿಂದಲೋ ಬಲವಾಗಿ ತಿಕ್ಕಬೇಡಿ.

2. ಪಟಿಕಾರದ ನೀರು: ಕ್ಷೌರಿಕರು ಕ್ಷೌರವಾದ ಮೇಲೆ ಮುಖಕ್ಕೆ ಸವರುವ ಬಿಳಿಯ ಹರಳೇ ಪಟಿಕಾರ. ಉತ್ತರ ಕರ್ನಾಟಕದಲ್ಲಿ ಇದನ್ನು ತುರಟಿ ಎಂದೂ ಕರೆಯುತ್ತಾರೆ. ಕುದಿಸಿ ಆರಿಸಿದ 200 ಮಿಲಿ ನೀರಿಗೆ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು, ಪಟಿಕಾರದ ಪುಡಿಯನ್ನು ಹಾಕಿ ಕರಗಿಸಿರಿ. ಗಾಜಿನ ಸೀಸೆಯಲ್ಲಿ ತುಂಬಿಡಿ. ಲೋಹದ ಪಾತ್ರೆ ಬೇಡ. ಸ್ನಾನವಾಗಿ ಮೈ ಒಣಗಿದ ಮೇಲೆ ಹತ್ತಿಯಿಂದ ಕಂಕುಳಿಗೆ ಸವರಿ ಆರಲು ಬಿಡಿ. ವಾರಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳಿ. ಸೀಸೆಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಎಟುಕದಂತೆ ಇಡುವುದು ಕಡ್ಡಾಯ. ಪಟಿಕಾರವೂ ಅಲ್ಯೂಮಿನಿಯಂ ಲವಣವೇ ಎಂಬುದು ನೆನಪಿರಲಿ. ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರನ್ನು ಕೇಳದೆ ಇದನ್ನು ನಿತ್ಯ ಬಳಸಬಾರದು.

3. ಒಣಪುಡಿ: ಅರಾರೂಟ್ ಎಂದು ಮಾರುವ ಕೂವೆಹಿಟ್ಟು 4 ಚಮಚ, ಲಾವಂಚದ ಪುಡಿ 1 ಚಮಚ, ಲೋಧ್ರದ ಪುಡಿ ಅರ್ಧ ಚಮಚ. ತೆಳುವಾದ ಬಟ್ಟೆಯಲ್ಲಿ ಸೋಸಿ ನುಣ್ಣಗೆ ಮಾಡಿಕೊಳ್ಳಿ. ಶ್ರೀಗಂಧದ ಕೊರಡು ಮನೆಯಲ್ಲಿದ್ದರೆ ತೇಯ್ದು ಒಣಗಿಸಿದ ಗಂಧವನ್ನು ಚಿಟಿಕೆಯಷ್ಟು ಸೇರಿಸಬಹುದು. ಇಲ್ಲದಿದ್ದರೆ ಕೊರತೆಯೇನೂ ಇಲ್ಲ. ಪುಡಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಹಚ್ಚಿ. ಗಾಳಿಯಲ್ಲಿ ಹಾರುವಂತೆ ಸಿಂಪಡಿಸಿದರೆ ಉಸಿರಾಟಕ್ಕೆ ತೊಂದರೆ. ಬಿಳಿಯ ಬಟ್ಟೆಗೆ ತುಸು ಬಣ್ಣ ಹತ್ತೀತು, ಎಚ್ಚರ.

4. ಮುಲಾಮು: ಪ್ರಯಾಣದಲ್ಲಿರುವವರಿಗೆ ಇದು ಅನುಕೂಲ. ತೆಂಗಿನೆಣ್ಣೆ 3 ಚಮಚ, ತುರಿದ ಜೇನುಮೇಣ 1 ಚಮಚ ತೆಗೆದುಕೊಳ್ಳಿ. ಕುದಿಯುವ ನೀರಿನ ಪಾತ್ರೆಯೊಳಗೆ ಚಿಕ್ಕ ಬಟ್ಟಲನ್ನಿಟ್ಟು ಅದರಲ್ಲಿ ಇವೆರಡನ್ನೂ ಕರಗಿಸಿ. ಕೆಳಗಿಳಿಸಿ 2 ಚಮಚ ಕೂವೆಹಿಟ್ಟನ್ನು ಗಂಟಿಲ್ಲದಂತೆ ಬೆರೆಸಿ. ತುಸು ಆರಿದ ಮೇಲೆ ನಾಲ್ಕೈದು ಹನಿ ಲಾವಂಚದ ತೈಲ ಸೇರಿಸಿ ಡಬ್ಬಿಗೆ ಸುರಿಯಿರಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ನಮ್ಮ ಬೇಸಿಗೆಯಲ್ಲಿ ಮೇಣವಿಲ್ಲದೆ ಮುಲಾಮು ನಿಲ್ಲದು. ಕಡಲೆಕಾಳಿನಷ್ಟು ತೆಗೆದುಕೊಂಡು ಹಚ್ಚಿದರೆ ಸಾಕು.

ಈ ನಾಲ್ಕನ್ನೂ ಒಟ್ಟಿಗೆ ಬಳಸಬೇಕೆಂದಿಲ್ಲ. ಸ್ನಾನಚೂರ್ಣದೊಡನೆ ಉಳಿದ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಮೊದಲ ಬಾರಿ ಬಳಸುವಾಗ ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಕೆಂಪಾಗದೆ, ತುರಿಸದೆ ಇದ್ದರೆ ಮಾತ್ರ ಮುಂದುವರಿಸಿ. ಕೂದಲು ತೆಗೆದ ದಿನ ಏನನ್ನೂ ಹಚ್ಚಬೇಡಿ.

ಮಾಡಬಾರದ ಪ್ರಯೋಗಗಳು

ಕೆಲವು ವರ್ಷಗಳ ಹಿಂದೆ ಪಿಯುಸಿ ಓದುತ್ತಿದ್ದ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದಿದ್ದರು. ಗೆಳೆಯರ ಹಾಸ್ಯಕ್ಕೆ ಅಂಜಿ ಅವನು ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದ. ನಿಂಬೆಹೋಳಿಗೆ ಅಡುಗೆ ಸೋಡಾ ಬಳಿದು ದಿನವೂ ಕಂಕುಳಿಗೆ ತಿಕ್ಕಿ, ಮೇಲೆ ಸ್ಪ್ರೇ ಹೊಡೆದುಕೊಂಡು, ಚರ್ಮವೆಲ್ಲ ಸುಲಿದು ಕಪ್ಪಾಗಿತ್ತು. ಎಲ್ಲವನ್ನೂ ನಿಲ್ಲಿಸಿ, ಚರ್ಮ ಮಾಯುವವರೆಗೆ ತೆಂಗಿನೆಣ್ಣೆಯೊಂದನ್ನೇ ಹಚ್ಚಲು ಹೇಳಿದೆ. ಆಮೇಲೆ ಪಟಿಕಾರದ ನೀರು ಮತ್ತು ದಿನಕ್ಕೊಂದು ಒಗೆದ ಹತ್ತಿಯ ಬನಿಯನ್. ಬೇರೆ ಔಷಧಿ ಕೊಡಲಿಲ್ಲ. ತಿಂಗಳೊಳಗೆ ಅವನು ಕಾಲೇಜಿಗೆ ಮರಳಿದ. ಮಕ್ಕಳು ಇಂಥದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹರೆಯಕ್ಕೆ ಕಾಲಿಟ್ಟ ಮಗನಿಗೋ ಮಗಳಿಗೋ ತಂದೆತಾಯಿಗಳೇ ಗದರದೆ, ನಗೆಯಾಡದೆ ಒಮ್ಮೆ ತಿಳಿಸಿ ಹೇಳಬೇಕು.

ನಮ್ಮ ಚರ್ಮ ಸಹಜವಾಗಿ ತುಸು ಆಮ್ಲೀಯ. ಅಡುಗೆ ಸೋಡಾ ಕ್ಷಾರ. ಅದನ್ನು ನಿತ್ಯ ಹಚ್ಚಿದರೆ ಚರ್ಮದ ರಕ್ಷಣೆ ಕುಂದಿ ಉರಿ, ಕೆಂಪು ಕಾಣಿಸಿಕೊಳ್ಳುತ್ತವೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಗುಳ್ಳೆಯೇಳಬಹುದು. ಸುಗಂಧ ತೈಲಗಳನ್ನು ಬೆರೆಸದೆ ನೇರವಾಗಿ ಹಚ್ಚುವುದೂ ಸಲ್ಲದು.

ವಿಭೂತಿಯನ್ನೇ ಕಂಕುಳಿಗೆ ಹಚ್ಚಬಹುದೇ ಎಂದು ಕೆಲವರು ಕೇಳುತ್ತಾರೆ. ವಿಭೂತಿ ಅಷ್ಟಾವರಣಗಳಲ್ಲಿ ಒಂದು. ಅದನ್ನು ಧರಿಸುವ ಸ್ಥಾನಗಳೂ ಭಾವವೂ ಬೇರೆ. ವೈದ್ಯನ ದೃಷ್ಟಿಯಿಂದ ನೋಡಿದರೂ ಬೂದಿ ಕ್ಷಾರಗುಣದ್ದು. ಬೆವರಿ ಮೆತ್ತಗಾದ ಚರ್ಮಕ್ಕೆ ಹಿತವಲ್ಲ. ಪೂಜ್ಯವಾದುದು ಪೂಜೆಯ ಸ್ಥಾನದಲ್ಲಿಯೇ ಇರಲಿ.

ಉಡುಪು, ಶಿವದಾರ, ಆಹಾರ

ಪಾಲಿಯೆಸ್ಟರ್ ಬಟ್ಟೆ ಬೆವರಿನ ಜಿಡ್ಡನ್ನೂ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಳಉಡುಪಾದರೂ ಹತ್ತಿಯದಿರಲಿ. ಬಟ್ಟೆಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಸ್ನಾನ ಮಾಡಿ ಹಸಿಮೈಯಲ್ಲೇ ಅಂಗಿ ತೊಡುವವರು ಎಷ್ಟು ಔಷಧಿ ಹಚ್ಚಿದರೂ ವ್ಯರ್ಥ.

ಲಿಂಗಧಾರಿಗಳು ಶಿವದಾರದ ಕಡೆಗೂ ಗಮನ ಕೊಡಬೇಕು. ಸದಾ ಮೈಗೆ ತಾಗಿರುವ ಹತ್ತಿಯ ದಾರ, ಲಿಂಗವಸ್ತ್ರಗಳು ಬೆವರನ್ನು ಹೀರುತ್ತವೆ. ವಸ್ತ್ರವನ್ನು ಆಗಾಗ ಒಗೆದು ಒಣಗಿಸಿ, ಬಳಸಿ ಹಳತಾದ ದಾರವನ್ನು ಸಕಾಲದಲ್ಲಿ ಬದಲಿಸುವುದು ಭಕ್ತಿಗೂ ಆರೋಗ್ಯಕ್ಕೂ ಒಪ್ಪುವಂಥದು. ಕುತ್ತಿಗೆಯ ಸುತ್ತ ತುರಿಕೆಯೆಂದು ಬರುವ ಹಿರಿಯರಲ್ಲಿ ಎಷ್ಟೋ ಮಂದಿಗೆ ಇಷ್ಟರಿಂದಲೇ ಗುಣವಾಗುತ್ತದೆ.

ಬೆಳ್ಳುಳ್ಳಿ, ಈರುಳ್ಳಿಗಳ ಗಂಧಕಾಂಶ ಬೆವರಿನಲ್ಲಿಯೂ ಉಸಿರಿನಲ್ಲಿಯೂ ಹೊರಬರುತ್ತದೆ. ಮಧುಮೇಹಕ್ಕೆಂದು ಮೆಂತ್ಯವನ್ನು ಹೆಚ್ಚಾಗಿ ಸೇವಿಸುವವರ ಬೆವರಿಗೆ ಒಂದು ಬಗೆಯ ಸಿಹಿವಾಸನೆ ಬರುವುದುಂಟು; ಅದರಿಂದ ಅಪಾಯವಿಲ್ಲ. ಬೇಸಿಗೆಯಲ್ಲಿ ಲಾವಂಚದ ಬೇರು ಹಾಕಿದ ನೀರು, ತಿಳಿಮಜ್ಜಿಗೆ ಹಿತಕರ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಕೆಲವು ಬೆವರು, ಕೆಲವು ವಾಸನೆಗಳು ಒಳಗಿನ ರೋಗದ ಸೂಚನೆಗಳು. ಅವುಗಳನ್ನು ಪುಡಿ ಹಚ್ಚಿ ಮುಚ್ಚಬಾರದು.

• ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಜೊತೆಗೆ ಜ್ವರ, ಕೆಮ್ಮು, ತೂಕ ಇಳಿಯುವುದು: ಕ್ಷಯವೇ ಮೊದಲಾದ ರೋಗಗಳಿಗೆ ಪರೀಕ್ಷೆ ಬೇಕು.
• ಅತಿ ಬೆವರಿನೊಡನೆ ಎದೆಬಡಿತ, ಕೈನಡುಕ: ಥೈರಾಯ್ಡ್ ಪರೀಕ್ಷೆ ಮಾಡಿಸಿ.
• ಮಧುಮೇಹಿಗಳ ಉಸಿರಿನಲ್ಲಿ ಹಣ್ಣಿನಂಥ ವಾಸನೆ, ವಾಂತಿ, ಏದುಸಿರು: ಕೂಡಲೇ ಆಸ್ಪತ್ರೆಗೆ ಸೇರಿಸಿ.
• ಎದೆನೋವಿನೊಡನೆ ತಣ್ಣನೆಯ ಬೆವರು: ಹೃದಯಾಘಾತವಿರಬಹುದು, ಒಂದು ಗಳಿಗೆಯೂ ತಡ ಸಲ್ಲದು.
• ಕಂಕುಳಿನಲ್ಲಿ ಗಂಟು, ಮತ್ತೆ ಮತ್ತೆ ಕೀವುಗುಳ್ಳೆ: ತೋರಿಸಲೇಬೇಕು. ಮಹಿಳೆಯರು ಗಂಟಿದ್ದರೆ ಸ್ತನಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು, ಸಂಕೋಚ ಬೇಡ.
• ಕಂಕುಳಿನಲ್ಲಿ ಕೆಂಪು ಅಥವಾ ಕಂದು ಬಣ್ಣದ ಪಟ್ಟೆ, ತುರಿಕೆ: ಹುಳುಕಡ್ಡಿಯೋ ಬ್ಯಾಕ್ಟೀರಿಯಾದ ಸೋಂಕೋ ಇರಬಹುದು. ಸಲಹೆಯಿಲ್ಲದೆ ಔಷಧದಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿದರೆ ಚರ್ಮ ತೆಳುವಾಗಿ ಸೋಂಕು ಹೆಚ್ಚುತ್ತದೆ.

ಕೊನೆಯದಾಗಿ ಒಂದು ಮಾತು. ಹೊಲದಲ್ಲಿ, ಗಾರೆಯ ಕೆಲಸದಲ್ಲಿ, ದಾಸೋಹದ ಒಲೆಯ ಮುಂದೆ ಬೆವರಿದವರ ಮೈ ವಾಸನೆ ಬೀರುವುದು ಸಹಜ. ಕಾಯಕವನ್ನೇ ಪೂಜೆಯೆಂದು ತಿಳಿದ ಶರಣರ ಮಾರ್ಗದಲ್ಲಿರುವ ನಾವು ಅಂಥವರ ಪಕ್ಕದಿಂದ ಸರಿದು ಕೂರಬಾರದು. ದುಡಿದು ಬಂದವರಿಗೆ ಕೈಕಾಲು ಮುಖ ತೊಳೆಯಲು ನೀರು, ಒಂದು ಒಣಗಿದ ಬಟ್ಟೆ, ಕೂರಲು ಜಾಗ ಕೊಡೋಣ. ನಮ್ಮ ನಮ್ಮ ಮೈಯ ಶುಚಿತ್ವವನ್ನು ಮಾತ್ರ ನಾವು ನಾವೇ ನೋಡಿಕೊಳ್ಳೋಣ.