ದೇಸಗತಿ ಮನೆತನದ ಬೇರು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಗೋಕಾಕ ಸೀಮೆಯ ಮೇಲವಂಕಿ. ನಮ್ಮ ಹಿರಿಯರು ದೇಸಗತಿಯವರು, ಅಂದರೆ ದೇಸಾಯಿ ಹುದ್ದೆ ಹೊಂದಿದ್ದವರು ಎಂದು ಅಜ್ಜ ಹೇಳುತ್ತಿದ್ದರು. ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಮೊದಲು ನಿಮ್ಮ ಮನೆತನದ ಹೆಳವರನ್ನು ಹುಡುಕಿ. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಅಂಗಳದಲ್ಲಿ ನಿಂತು, ಮುತ್ತಜ್ಜನ ಅಪ್ಪ ಯಾರು, ಯಾವ ಊರು ಬಿಟ್ಟು ಬಂದರು, ಬೆಡಗು (ಕುಲದ ಒಳಪಂಗಡ) ಯಾವುದು ಎಂದು ತಲೆಮಾರುಗಟ್ಟಲೆ ಹೇಳುವವರು ಅವರು. ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನೂ ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ಹೆಳವರ ಈ ನೆನಪಿಗಿಂತ ದೊಡ್ಡ ಆಸ್ತಿ ನಮ್ಮ ಹಳ್ಳಿಗಳಲ್ಲಿ ಇಲ್ಲವೆಂದೇ ನನ್ನ ನಂಬಿಕೆ.

ಆಮೇಲೆ ಕಾಗದಪತ್ರ. 1818ರಲ್ಲಿ ಬೆಳಗಾವಿ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1852ರ ಇನಾಂ ಕಾಯ್ದೆ ಬಂದಾಗ ದೇಸಗತಿಯವರಂಥ ಇನಾಮದಾರರು ತಮ್ಮ ಹಕ್ಕು ರುಜುವಾತು ಮಾಡಬೇಕಾಯಿತು. ವಂಶಾವಳಿಗಳು ಸರಕಾರಿ ದಫ್ತರಕ್ಕೆ ಸೇರಿದ್ದು ಹೀಗೆ. ಅವುಗಳಿಗಾಗಿ ಪುಣೆಯ ಪುರಾಲೇಖಾಗಾರದಲ್ಲಿ ಕೇಳಿ. ಅಲ್ಲಿನ ಹಳೆಯ ಮರಾಠಿ ಕಾಗದ ಓದಲು ಮೋಡಿ ಲಿಪಿ ಬಲ್ಲವರು ಜೊತೆಗಿರಲಿ.

ಆದರೆ ಒಂದು ಎಚ್ಚರ: ದೇಸಾಯಿ, ನಾಡಗೌಡ, ಪಾಟೀಲ ಎಲ್ಲವೂ ಹುದ್ದೆಯ ಹೆಸರುಗಳು. ಅಡ್ಡಹೆಸರು ಕೂಡಿತೆಂದು ರಕ್ತಸಂಬಂಧ ಕೂಡುವುದಿಲ್ಲ.

ಈ ಸಲ ಹೆಳವರು ಬಂದರೆ ಬರಿಗೈಲಿ ಕಳಿಸಬೇಡಿ. ಅವರ ಒಪ್ಪಿಗೆ ಕೇಳಿ, ಹೇಳುವುದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.