ಮೋಟಾರು ಚಾಲೂ ಆಗಲೊಲ್ಲದೇಕೆ?

ರೋಗವನ್ನು ಅರಿಯದೆ ಔಷಧವನ್ನು ಕೊಡುವ ವೈದ್ಯನನ್ನು ನಾವೆಲ್ಲರೂ ನಿಂದಿಸುತ್ತೇವೆ. ಆದರೆ ಮನೆಯ ಮೋಟಾರು ಗಾಡಿಯು ಚಾಲೂ ಆಗದೆ ನಿಂತಾಗ ನಾವೂ ಅದೇ ತಪ್ಪನ್ನು ಮಾಡುತ್ತೇವೆಂಬದು ನಮ್ಮ ಲಕ್ಷ್ಯಕ್ಕೆ ಬರುವದಿಲ್ಲ. ಒಬ್ಬನು ಬ್ಯಾಟರಿ ಹೋಯಿತೆಂದರೆ ಹೊಸ ಬ್ಯಾಟರಿಯನ್ನು ಕೊಳ್ಳುವೆವು. ಇನ್ನೊಬ್ಬನು ಸೆಲ್ಫ್ ಕೆಟ್ಟಿತೆಂದರೆ ಅದನ್ನು ಬಿಚ್ಚಿಸುವೆವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯ ಹಳ್ಳಿಗಳಲ್ಲಿ ಮೋಟಾರು ಈಗ ಶ್ರೀಮಂತರ ವಿಲಾಸವಾಗಿ ಉಳಿದಿಲ್ಲ. ಸಂತೆಗೆ, ನಿಂಬೆಯ ಪೇಟೆಗೆ, ಲಗ್ನಕ್ಕೆ, ದವಾಖಾನೆಗೆ ಅದೇ ಸಾಧನವು. ಆದುದರಿಂದ ಅದರ ಈ ಒಂದು ವ್ಯಾಧಿಯ ನಿದಾನವನ್ನು ಪ್ರತಿಯೊಂದು ಮನೆಯವರು ತಿಳಿದಿರುವದು ಅವಶ್ಯವೆಂದು ನಮಗೆ ತೋರುತ್ತದೆ. ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಭಯದಿಂದ.

ಕಳೆದ ವೈಶಾಖದಲ್ಲಿ ನಮ್ಮ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಸಿಂದಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಒಂದು ಮಧ್ಯರಾತ್ರಿ ಅವಳಿಗೆ ಬೇನೆ ಕಾಣಿಸಿಕೊಂಡಿತು. ಮನೆಯವರು ಅವಳನ್ನು ಗಾಡಿಯಲ್ಲಿ ಕೂಡಿಸಿದರು. ಕೀಲಿಯನ್ನು ತಿರುವಿದರೆ "ಟಕ್" ಎಂಬ ಒಂದೇ ಶಬ್ದ. ಮತ್ತೆ ತಿರುವಿದರೆ ಮತ್ತೆ ಅದೇ. ದೀಪಗಳು ಮಾತ್ರ ಅಂಗಳವನ್ನೆಲ್ಲ ಬೆಳಗುತ್ತಿದ್ದವು. ಆಂಬುಲೆನ್ಸಿಗೆ ಕರೆ ಮಾಡಿ ಕಾಯುತ್ತಿರುವಾಗ ನೆರೆಮನೆಯವರು ತಮ್ಮ ಜೀಪನ್ನು ತಂದು ನಿಲ್ಲಿಸಿದರು. ದೈವಕೃಪೆಯಿಂದ ತಾಯಿಯೂ ಮಗುವೂ ಕ್ಷೇಮವಾಗಿರುವರು. ಆದರೆ ಆ ಅರ್ಧ ಗಳಿಗೆಯನ್ನು ನಾವು ಮರೆಯಲಾರೆವು.

ವಿಚಿತ್ರವೇನೆಂದರೆ, ಆ ಗಾಡಿಯ ಬ್ಯಾಟರಿಯು ಮೂರು ತಿಂಗಳ ಹಿಂದಷ್ಟೇ ಕೊಂಡದ್ದು. ಸೆಲ್ಫನ್ನು ದುರಸ್ತಿ ಮಾಡಿಸಿ ಒಂದು ತಿಂಗಳಾಗಿತ್ತು. ಪ್ರತಿಸಲವೂ ಕೆಲವು ದಿವಸ ನೆಟ್ಟಗೆ ನಡೆದು ಮತ್ತೆ ಅದೇ ಪಾಡು. ಮರುದಿನ ಬಂದ ಮಿಸ್ತ್ರಿಯು ಇನ್ನೂ ಹರೆಯದ ಹುಡುಗನು. "ಮಾಸ್ತರ್ರ, ಸಾಮಾನ ತರೂದು ಆಮ್ಯಾಲ, ಮೊದಲ ನೋಡೂಣ್ರಿ" ಎಂದು ಹೇಳಿ, ದಪ್ಪ ತಂತಿಯೊಂದರ ಒಂದು ತುದಿಯನ್ನು ಬ್ಯಾಟರಿಯ ಋಣ ಟರ್ಮಿನಲಿಗೂ ಇನ್ನೊಂದು ತುದಿಯನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಕಚ್ಚಿಸಿ ಕೀಲಿಯನ್ನು ತಿರುವಲು ಹೇಳಿದನು. ಇಂಜಿನ್ನು ತತ್ಕ್ಷಣವೇ ಎದ್ದಿತು! ತಂತಿಯನ್ನು ತೆಗೆದು, ಗಾಡಿಯನ್ನು ಬಂದು ಮಾಡಿ ಮತ್ತೆ ತಿರುವಿದರೆ ಬರಿಯ "ಟಕ್". ದೋಷವಿದ್ದದ್ದು ಬ್ಯಾಟರಿಯಲ್ಲಲ್ಲ, ಸೆಲ್ಫಿನಲ್ಲಲ್ಲ; ಇಂಜಿನ್ನನ್ನು ಗಾಡಿಯ ಒಡಲಿಗೆ ಜೋಡಿಸುವ ಅರ್ಥ್ ವಾಯರಿನಲ್ಲಿ. ಅದರ ರಬ್ಬರಿನ ಹೊದಿಕೆಯನ್ನು ಸೀಳಿ ನೋಡಲು ಒಳಗಿನ ತಾಮ್ರವು ಹಸುರು ಪುಡಿಯಾಗಿತ್ತು. ಸೆಲ್ಫನ್ನು ಬಿಚ್ಚಿ ಕೂಡಿಸುವಾಗ ಆ ತಂತಿಯು ಅಲುಗಾಡಿ ಕೆಲಕಾಲ ಕೂಡಿಕೊಳ್ಳುತ್ತಿದ್ದುದರಿಂದ ರೋಗವು ಗುಣವಾದಂತೆ ಕಾಣುತ್ತಿತ್ತು.

ನ್ಯಾಯಶಾಸ್ತ್ರವನ್ನು ಬಲ್ಲ ವಾಚಕರು ಇಲ್ಲಿ ಅನ್ವಯ-ವ್ಯತಿರೇಕಗಳನ್ನು ಕಂಡುಕೊಂಡಿರಬಹುದು. ಒಂದಿದ್ದರೆ ಇನ್ನೊಂದು ಇರುವದು, ಒಂದಿಲ್ಲದಿದ್ದರೆ ಇನ್ನೊಂದು ಇಲ್ಲದಿರುವದು. ಇವೆರಡೂ ಕೂಡಿದಾಗಲೇ ಕಾರಣವು ನಿಶ್ಚಯವಾಗುವದು. ಒಳ್ಳೆಯ ತಂತಿಯಿದ್ದಾಗ ಇಂಜಿನ್ನು ಎದ್ದಿತು, ಇಲ್ಲದಾಗ ಏಳಲಿಲ್ಲ. ತರ್ಕವನ್ನು ಓದಿದ ನಾವು "ಟಕ್" ಶಬ್ದವನ್ನು ಕೇಳಿ ಬ್ಯಾಟರಿಯ ಮರಣವನ್ನು ಊಹಿಸಿದೆವು. ತರ್ಕದ ಹೆಸರನ್ನೂ ಕೇಳದ ಆ ಹುಡುಗನು ಕಾರಣವನ್ನು ಸಾಧಿಸಿದನು. ಆ ಶಬ್ದವು ಬ್ಯಾಟರಿ ಸೋತಲ್ಲಿಯೂ ಕೇಳುವದು, ತಂತಿ ಸಡಿಲವಾದಲ್ಲಿಯೂ ಕೇಳುವದು. ಇಂಥ ಹೇತುವಿಗೆ ಸವ್ಯಭಿಚಾರವೆಂದು ಹೆಸರು. ಅದರಿಂದ ಯಾವದೂ ಸಿದ್ಧವಾಗುವದಿಲ್ಲ.

ಈಗ ಯಂತ್ರದ ಸ್ವರೂಪವನ್ನು ಸ್ವಲ್ಪ ನೋಡುವಾ. ಸೀಸದ ತಗಡು ಮತ್ತು ಗಂಧಕಾಮ್ಲಗಳ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆಯು 1859ರಲ್ಲಿ ನಿರ್ಮಿಸಿದನು. ಪೂರ್ವದಲ್ಲಿ ಮೋಟಾರಿನ ಮುಂದೆ ನಿಂತು ಹ್ಯಾಂಡಲನ್ನು ತಿರುವಬೇಕಾಗಿತ್ತು. ಅದು ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರು ಬಹು ಜನರು. ಅಮೇರಿಕದ ಚಾರ್ಲ್ಸ್ ಕೆಟರಿಂಗನು 1911ರಲ್ಲಿ ವಿದ್ಯುತ್ತಿನ ಸ್ಟಾರ್ಟರನ್ನು ಸಿದ್ಧಪಡಿಸಿದನು. 1912ರ ಕ್ಯಾಡಿಲಾಕ್ ಗಾಡಿಗಳಲ್ಲಿ ಅದು ಬಂದಿತು. ನಮ್ಮವರು ಸೆಲ್ಫ್ ಎನ್ನುವದು ಇದಕ್ಕೇ.

ಸಣ್ಣ ಗಾಡಿಯ ಸೆಲ್ಫು ತಿರುಗುವಾಗ ನೂರು ನೂರೈವತ್ತು ಆಂಪಿಯರುಗಳಷ್ಟು ಪ್ರವಾಹವನ್ನು ಎಳೆಯುವದು. ಡೀಸೆಲ್ ಗಾಡಿಯದು ಇನ್ನೂ ಹೆಚ್ಚು. ಈ ಪ್ರವಾಹವು ಬ್ಯಾಟರಿಯಿಂದ ಹೊರಟರೆ ಸಾಲದು, ಇಂಜಿನ್ನಿನ ಮೈಯಿಂದ ಅರ್ಥ್ ವಾಯರಿನ ಮುಖಾಂತರ ತಿರುಗಿ ಬ್ಯಾಟರಿಗೆ ಬಂದು ಸೇರಬೇಕು. ದಾರಿಯ ಒಂದು ಕೂಡಿಕೆಯಲ್ಲಿ ಒಂದು ಓಮಿನ ನೂರನೆಯ ಒಂದು ಅಂಶದಷ್ಟು ತಡೆಯಿದ್ದರೂ, 150 ಆಂಪಿಯರು ಹರಿಯುವಾಗ ಅಲ್ಲಿ 1.5 ವೋಲ್ಟು ನಷ್ಟವಾಗುವದು. ದೀಪಗಳಿಗೆ ಬೇಕಾದದ್ದು ಕೆಲವೇ ಆಂಪಿಯರು. ಆದುದರಿಂದ ಅವು ನಿರಾತಂಕವಾಗಿ ಉರಿಯುವವು. ಹೊಲದ ಪೈಪಿನಲ್ಲಿ ಕಸ ಕಟ್ಟಿದ್ದರೂ ಕುಡಿಯಲು ತಂಬಿಗೆ ನೀರು ಸಿಕ್ಕೀತು. ಕಬ್ಬಿಗೆ ನೀರು ಹಾಯಿಸುವಾಗಲೇ ಅಡ್ಡಿಯು ತಿಳಿಯುವದು. ಇದೂ ಹಾಗೆಯೇ.

ಪರೀಕ್ಷೆಯ ಕ್ರಮವು ಹೀಗೆ. ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು, ಕೈಬ್ರೇಕನ್ನು ಎಳೆದು, ಮೊದಲು ದೀಪವನ್ನು ಹಚ್ಚಿ ಒಬ್ಬರು ಕೀಲಿಯನ್ನು ತಿರುವಲಿ. ದೀಪವು ತೀರ ಮಂಕಾಗಿ "ಟಕಟಕ" ಎಂದರೆ ಬ್ಯಾಟರಿಯು ಬರಿದಾಗಿರಬೇಕು, ಇಲ್ಲವೆ ಅದರ ಟರ್ಮಿನಲುಗಳ ಹಿಡಿತವು ಸಡಿಲಾಗಿರಬೇಕು. ದೀಪವು ಉಜ್ವಲವಾಗಿಯೇ ಇದ್ದು ಸೆಲ್ಫು ತಿರುಗದಿದ್ದರೆ ಪ್ರವಾಹವು ಸೆಲ್ಫನ್ನು ಮುಟ್ಟಿ ಮರಳುತ್ತಿಲ್ಲ. ಅದರ ತಂತಿ, ಸೊಲೆನಾಯ್ಡ್, ಅರ್ಥ್ ವಾಯರ್, ಕೊನೆಗೆ ಸೆಲ್ಫು, ಈ ಕ್ರಮದಲ್ಲಿ ನೋಡಬೇಕು. ಆ ರಾತ್ರಿ ನಮ್ಮ ದೀಪಗಳು ಈ ಸಾಕ್ಷಿಯನ್ನೇ ನುಡಿಯುತ್ತಿದ್ದವು, ನಾವು ಕೇಳಲಿಲ್ಲ. ಸೆಲ್ಫು ಗಿರ್ರೆಂದು ತಿರುಗಿಯೂ ಇಂಜಿನ್ನು ತಿರುಗದಿದ್ದರೆ ದೋಷವು ಸೆಲ್ಫಿನ ಹಲ್ಲುಗಾಲಿಯದು.

ಇದಕ್ಕಿಂತ ನಿಶ್ಚಿತವಾದ ಪ್ರಮಾಣವು ಬೇಕಾದರೆ ಮಲ್ಟಿಮೀಟರನ್ನು 20 ವೋಲ್ಟಿನ ಅಳತೆಗೆ ಇಡಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯು 12.6 ವೋಲ್ಟು ತೋರಿಸಿದರೆ ತುಂಬಿದ್ದು. 12ರ ಹತ್ತಿರ ಇಳಿದಿದ್ದರೆ ಬಹುತೇಕ ಬರಿದು. ಕೀಲಿಯನ್ನು ತಿರುವುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಆ ಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಗೂಟದ ಮೇಲೆಯೇ ಊರಿ, ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ ಕೀಲಿಯನ್ನು ತಿರುವಿಸಬೇಕು. 0.3 ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ಥಿನ ದಾರಿಯು ಕೆಟ್ಟಿದೆ. ಇದರಂತೆಯೇ ಧನ ಗೂಟದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ ಅಳೆದಾಗ ಅರ್ಧ ವೋಲ್ಟಿಗಿಂತ ಕಡಿಮೆಯಿರಬೇಕು. ದಾರಿಗಳೆರಡೂ ಶುದ್ಧ, ಬ್ಯಾಟರಿಯೂ ಗಟ್ಟಿ, ಸೊಲೆನಾಯ್ಡೂ "ಟಕ್" ಎನ್ನುತ್ತಿದೆ. ಆದರೂ ತಿರುಗದಿದ್ದರೆ ಮಾತ್ರ ಸೆಲ್ಫನ್ನು ಬಿಚ್ಚಿಸಬೇಕು. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೀಲಿಯನ್ನು ಹಿಡಿಯಬಾರದು; ಸೆಲ್ಫು ಸುಟ್ಟೀತು.

ಟರ್ಮಿನಲುಗಳ ಮೇಲೆ ಬೆಳ್ಳಗೆ ಹಸುರಾಗಿ ಬೆಳೆಯುವ ಬೂಷ್ಟು ಆಮ್ಲದ ಆವಿಯಿಂದ ಆಗುವದು. ನಿಂಬೆಯ ಹುಳಿಗೆ ಸೋಡಾ ಹಾಕಿದಾಗ ನೊರೆಯೆದ್ದು ಹುಳಿಯು ಶಮನವಾಗುವದನ್ನು ಇಂಡಿಯ ಸೀಮೆಯ ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ. ಅದೇ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಿಸಿ ಹಳೆಯ ಬ್ರಶ್ಶಿನಿಂದ ತಿಕ್ಕಿದರೆ ಬೂಷ್ಟು ಕರಗುವದು. ಒಂದು ಹನಿಯೂ ಬ್ಯಾಟರಿಯ ಒಳಗೆ ಹೋಗಬಾರದು. ಒರೆಸಿ, ಉಸುಕು ಕಾಗದದಿಂದ ಲೋಹವು ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನನ್ನು ಸವರಬೇಕು. ತಂತಿಯ ಹೊದಿಕೆಯು ಉಬ್ಬಿದ್ದರೆ ತೊಳೆದು ಫಲವಿಲ್ಲ; ತಂತಿಯನ್ನೇ ಬದಲಿಸಬೇಕು.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಬಿಚ್ಚುವಾಗ ಋಣ ತಂತಿಯನ್ನು ಮೊದಲು ಬಿಚ್ಚಬೇಕು, ಕೂಡಿಸುವಾಗ ಅದನ್ನೇ ಕೊನೆಗೆ ಕೂಡಿಸಬೇಕು. ಇಲ್ಲದಿದ್ದರೆ ಪಾನಾ ಒಡಲಿಗೆ ತಾಗಿ ಕಿಡಿ ಹಾರೀತು. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ವಾಯುವು ಹೊರಡುವದು; ಬೀಡಿ, ದೀಪ ಹತ್ತಿರ ಸಲ್ಲದು. ಉಂಗುರ, ಬಳೆಗಳನ್ನು ತೆಗೆದಿಡಬೇಕು. ಆಮ್ಲವು ಸಿಡಿದರೆ ಬಹಳ ನೀರಿನಿಂದ ತೊಳೆಯಬೇಕು. ಕಣ್ಣಿಗಾದರೆ ತೊಳೆದು ವೈದ್ಯರಲ್ಲಿಗೆ ಧಾವಿಸಬೇಕು. ಈಗಿನ ವಿದ್ಯುತ್ ಗಾಡಿಗಳ ಕಿತ್ತಳೆ ಬಣ್ಣದ ತಂತಿಗಳನ್ನು ಮಾತ್ರ ಯಾರೂ ಮುಟ್ಟಕೂಡದು.

ನಮ್ಮ ಸೀಮೆಯಲ್ಲಿ ಈ ದೋಷಕ್ಕೆ ಅನುಕೂಲವು ಹೆಚ್ಚು. ಬೇಸಿಗೆಯ ಬಿಸಿಲು 40 ಅಂಶಗಳನ್ನು ಮೀರಿ ಬ್ಯಾಟರಿಯ ನೀರನ್ನು ಹೀರುವದು. ಹೊಲದ ದಾರಿಯ ಕುಲುಕಾಟವು ಬೋಲ್ಟುಗಳನ್ನು ಸಡಿಲಿಸುವದು. ಎರೆಮಣ್ಣಿನ ಕೆಸರು ಅರ್ಥ್ ವಾಯರಿಗೆ ಮೆತ್ತಿ ತೇವವನ್ನು ಹಿಡಿದಿಡುವದು. ಆದುದರಿಂದ ಯುಗಾದಿಗೆ ಒಮ್ಮೆ, ದಸರೆಯ ಆಯುಧಪೂಜೆಗೆ ಒಮ್ಮೆ ಈ ಕೂಡಿಕೆಗಳನ್ನು ತೊಳೆದು ಬಿಗಿಯುವದನ್ನು ನಾವು ನಿಯಮ ಮಾಡಿಕೊಂಡಿದ್ದೇವೆ. ಹೂವು ಕುಂಕುಮಗಳನ್ನು ಆ ಮೇಲೆ ಏರಿಸುವೆವು.

ಮಿಸ್ತ್ರಿಯು ಆ ದಿನ ತೆಗೆದುಕೊಂಡದ್ದು ತಂತಿಯ ಬೆಲೆ ಮತ್ತು ಒಂದು ತಾಸಿನ ಕೂಲಿ; ಅದಕ್ಕೆ ಮುಂಚೆ ನಾವು ವ್ಯರ್ಥವಾಗಿ ಸುರಿದದ್ದು ಸಾವಿರಾರು ರೂಪಾಯಿ. ಹಣವು ಹೋದರೆ ಮತ್ತೆ ಬಂದೀತು. ಬೇನೆ ತಿನ್ನುವ ಮಗಳನ್ನು ಕೂಡಿಸಿಕೊಂಡು ನಿಂತ ಗಾಡಿಯ ಮುಂದೆ ಯಾವ ತಂದೆಯೂ ನಿಲ್ಲುವಂತಾಗಬಾರದು. ವಾಚಕರು ಈ ಭಾನುವಾರ ಒಂದು ಗಳಿಗೆಯನ್ನು ಗಾಡಿಯ ಬಾನೆಟ್ಟನ್ನು ತೆರೆದು ನೋಡುವದಕ್ಕೆ ಕೊಟ್ಟರೆ ನಮ್ಮ ಈ ಬರವಣಿಗೆಯು ಸಾರ್ಥಕವಾಗುವದು.