ದುಡಿದ ದಿನಗಳ ಸಂಬಳ

ಹಳ್ಳಿಯಿಂದ ಪಟ್ಟಣಕ್ಕೆ ಬಂದ ತರುಣನೊಬ್ಬನು ಹೊಸದಾಗಿ ಒಂದು ನೌಕರಿಗೆ ಸೇರುತ್ತಾನೆ. ಹೇಳಿದ ಕೆಲಸವೊಂದು, ಒಪ್ಪಿಸಿದ ಕೆಲಸ ಮತ್ತೊಂದು. ಇಲ್ಲವೆ ಊರಿನಲ್ಲಿ ತಾಯಿ ಹಾಸಿಗೆ ಹಿಡಿದಳೆಂಬ ಸುದ್ದಿ ಬರುತ್ತದೆ. ಇಲ್ಲವೆ ಇದಕ್ಕಿಂತ ಉತ್ತಮವಾದ ಸ್ಥಾನವು ಬೇರೆಡೆ ದೊರೆಯುತ್ತದೆ. ಹದಿನೆಂಟು ದಿನ ದುಡಿದು ಅವನು ಕೆಲಸವನ್ನು ಬಿಡುತ್ತಾನೆ. ಸಂಬಳವನ್ನು ಕೇಳಹೋದರೆ ಕಚೇರಿಯವರ ಉತ್ತರವು ಸಿದ್ಧವಾಗಿಯೇ ಇರುತ್ತದೆ: ತಿಂಗಳು ತುಂಬಲಿಲ್ಲ, ನೋಟೀಸು ಕೊಡಲಿಲ್ಲ, ನಿನಗೆ ಕೆಲಸ ಕಲಿಸಿದ್ದೇ ನಮಗೆ ನಷ್ಟ, ನಿನಗೆ ಬರತಕ್ಕದ್ದೇನೂ ಇಲ್ಲ. ತರುಣನು ತಲೆ ತಗ್ಗಿಸಿ ಹೊರಟುಹೋಗುತ್ತಾನೆ. ಬೇಗನೆ ಬಿಟ್ಟ ತಪ್ಪು ತನ್ನದೇ ಎಂಬ ನಾಚಿಕೆಯು ಅವನ ಬಾಯಿಯನ್ನು ಕಟ್ಟಿರುತ್ತದೆ. ಈ ನಾಚಿಕೆಯೇ ಎಷ್ಟೋ ಮಾಲಿಕರಿಗೆ ಲಾಭದ ಬಾಬತ್ತಾಗಿದೆ ಎಂದು ನಾವು ಹೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಇಲ್ಲಿ ಎರಡು ಪ್ರಶ್ನೆಗಳನ್ನು ಒಂದರೊಳಗೊಂದು ಬೆರೆಸಲಾಗುತ್ತಿದೆ. ಅವಧಿಗೆ ಮೊದಲು ಕೆಲಸ ಬಿಟ್ಟದ್ದು ಸರಿಯೆ ಎಂಬುದೊಂದು. ಬಿಡುವ ತನಕ ಮಾಡಿದ ಕೆಲಸಕ್ಕೆ ಸಂಬಳ ಸಲ್ಲಬೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಂದರ್ಭಾನುಸಾರವಾಗಿ ಬೇರೆ ಬೇರೆ ಉತ್ತರಗಳುಂಟು. ಎರಡನೆಯದಕ್ಕೆ ನ್ಯಾಯವಾದ ಉತ್ತರವು ಒಂದೇ. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆಯು, ವರ್ಷವೆಲ್ಲ ಕೆಸರಾಗಿದ್ದರೆ ಮಾತ್ರ ಎಂಬ ಷರತ್ತನ್ನು ಹಾಕಿಲ್ಲ.

ಆದರೆ ಕಾನೂನು ಈ ಸರಳವಾದ ಮಾತನ್ನು ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. 1793ರಲ್ಲಿ ಜಮೈಕಾದಿಂದ ಲಿವರ್‌ಪೂಲಿಗೆ ಹೊರಟ ಹಡಗೊಂದರಲ್ಲಿ ಕಟರ್ ಎಂಬ ನಾವಿಕನು, ಪ್ರಯಾಣ ಮುಗಿಸಿದರೆ ಮೂವತ್ತು ಗಿನಿ ಎಂಬ ಕರಾರಿನ ಮೇಲೆ ಸೇರಿದ್ದನು. ಏಳು ವಾರ ದುಡಿದು, ಹಡಗು ದಡ ಸೇರಲು ಹತ್ತೊಂಬತ್ತು ದಿನಗಳಿರುವಾಗ ಅವನು ತೀರಿಕೊಂಡನು. ಮಾಡಿದಷ್ಟು ಕೆಲಸಕ್ಕಾದರೂ ಕೂಲಿ ಕೊಡಿರೆಂದು ವಿಧವೆಯು ಮೊರೆಹೋದಾಗ, ಕರಾರು ಅಖಂಡವಾದುದು, ಪೂರ್ತಿಯಾಗದಿದ್ದರೆ ಏನೂ ಇಲ್ಲವೆಂದು 1795ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ತೀರ್ಪಿತ್ತಿತು. ಸಂಬಳವು ದಿನದಿಂದ ದಿನಕ್ಕೆ ಕೂಡುತ್ತ ಬರುವುದೆಂಬ ತತ್ತ್ವವನ್ನು ಅಲ್ಲಿಯ ಕಾಯಿದೆಯು ಅಂಗೀಕರಿಸಿದ್ದು 1870ರಲ್ಲಿ.

ನಮ್ಮ ದೇಶದ ಅನುಭವವು ಇನ್ನೂ ಕಹಿಯಾದುದು. 1859ರಲ್ಲಿ ಪರಕೀಯ ಸರಕಾರವು ಮಾಡಿದ ಕಾಯಿದೆಯೊಂದರ ಪ್ರಕಾರ, ಮುಂಗಡ ಪಡೆದ ಕೆಲಸಗಾರನು ಕರಾರು ಮುರಿದರೆ ಮ್ಯಾಜಿಸ್ಟ್ರೇಟನು ಅವನಿಗೆ ಹಣ ಹಿಂದಿರುಗಿಸುವಂತೆ ಇಲ್ಲವೆ ಕೆಲಸ ಮಾಡುವಂತೆ ಆಜ್ಞಾಪಿಸಬಹುದಾಗಿತ್ತು. ಆಜ್ಞೆಗೆ ತಪ್ಪಿದರೆ ಮೂರು ತಿಂಗಳವರೆಗೆ ಸೆರೆಮನೆ. ಅಸ್ಸಾಮಿನ ಚಹದ ತೋಟಗಳಲ್ಲಿಯೂ ಕೊಡಗಿನ ಕಾಫಿ ತೋಟಗಳಲ್ಲಿಯೂ ಇದು ಮಾಲಿಕರ ಕೈಯಲ್ಲಿಯ ದೊಣ್ಣೆಯಾಯಿತು. ಮಾತು ತಪ್ಪಿದ ಮಾಲಿಕನ ಮೇಲೆ ದಿವಾಣಿ ದಾವೆ, ಮಾತು ತಪ್ಪಿದ ಕೂಲಿಯ ಮೇಲೆ ಫೌಜದಾರಿ ಶಿಕ್ಷೆ! ಈ ಕಾಯಿದೆಯನ್ನು ರದ್ದುಪಡಿಸುವ ಶಾಸನವು ಬಂದದ್ದು 1925ರಲ್ಲಿ. ಅನಂತರ ವೇತನ ಪಾವತಿಯ 1936ರ ಕಾಯಿದೆಯು ಬಂದಿತು. ಅದರಲ್ಲಿಯೂ ಒಂದು ಕೊರತೆಯಿತ್ತು. ಮಾಲಿಕನೇ ಕೆಲಸದಿಂದ ತೆಗೆದರೆ ಎರಡನೆಯ ಕೆಲಸದ ದಿನ ಮುಗಿಯುವುದರೊಳಗಾಗಿ ಸಂಬಳ ತೀರಿಸಬೇಕೆಂದು ಅದು ವಿಧಿಸಿತೇ ಹೊರತು, ತಾನಾಗಿ ಬಿಟ್ಟವನಿಗೆ ಆ ರಕ್ಷಣೆಯನ್ನು ಕೊಡಲಿಲ್ಲ.

ಆ ಕೊರತೆಯನ್ನು 2019ರ ವೇತನ ಸಂಹಿತೆಯು ತುಂಬಿದೆ. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ತೆಗೆಯಲ್ಪಟ್ಟವನಿಗೂ ರಾಜೀನಾಮೆ ಕೊಟ್ಟವನಿಗೂ ಭೇದವೆಣಿಸದೆ, ಎರಡು ಕೆಲಸದ ದಿನಗಳೊಳಗಾಗಿ ಬರತಕ್ಕ ವೇತನವನ್ನು ಕೊಟ್ಟುಬಿಡಬೇಕೆಂದು ಅದರ 17ನೆಯ ಕಲಮು ಹೇಳುತ್ತದೆ. ಹಳೆಯ ಕಾಯಿದೆಯು 2017ರ ಪ್ರಕಟಣೆಯಂತೆ ತಿಂಗಳಿಗೆ 24,000 ರೂಪಾಯಿಗಳ ಮಿತಿಯೊಳಗಿನವರಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಅಂತಹ ಮಿತಿಯಿಲ್ಲ. ಮೇಲ್ವಿಚಾರಕರೂ ವ್ಯವಸ್ಥಾಪಕರೂ ಅದರ ನೆರಳಿನಲ್ಲಿದ್ದಾರೆ. ಶಿಶಿಕ್ಷು ಕಾಯಿದೆಯ ಕೆಳಗೆ ತರಬೇತಿ ಪಡೆಯುವವರು ಇದರ ಹೊರಗೆ.

ಲೆಕ್ಕದಲ್ಲಿಯೂ ಎಚ್ಚರಿಕೆ ಬೇಕು. ತಿಂಗಳಿಗೆ 30,000 ರೂಪಾಯಿ ಸಂಬಳದವನು ಮೂವತ್ತು ದಿನಗಳ ತಿಂಗಳಿನಲ್ಲಿ, ನಡುವೆ ಎರಡು ರವಿವಾರಗಳು ಸೇರಿ, 18 ದಿನ ನೌಕರಿಯಲ್ಲಿದ್ದನೆಂದು ಭಾವಿಸೋಣ. ಪಂಚಾಂಗದ ದಿನಗಳಿಂದ ಎಣಿಸಿದರೆ ಅವನಿಗೆ 18,000 ರೂಪಾಯಿ ಸಲ್ಲುತ್ತದೆ. ತಿಂಗಳಿಗೆ 26 ಕೆಲಸದ ದಿನಗಳೆಂದು ಹಿಡಿದು ದುಡಿದ 16 ದಿನಗಳಿಗೆ ಎಣಿಸಿದರೆ ಸುಮಾರು 18,461 ರೂಪಾಯಿ. ಎರಡೂ ಪ್ರಾಮಾಣಿಕವಾದ ಕ್ರಮಗಳೇ. ಆದರೆ ಭಾಗಿಸುವಾಗ 30ನ್ನೂ ಗುಣಿಸುವಾಗ 16ನ್ನೂ ತೆಗೆದುಕೊಂಡು 16,000 ರೂಪಾಯಿ ಕೈಗಿಡುವ ಜಾಣತನವುಂಟು. ಇದು ಗಣಿತವಲ್ಲ, ಕೈಚಳಕ.

ಇನ್ನು ಕಡಿತಗಳ ವಿಷಯ. ಸಂಹಿತೆಯು ಹೆಸರಿಸಿದ ಬಾಬತ್ತುಗಳಿಗೆ ವಿನಾ ಸಂಬಳದಿಂದ ಒಂದು ಕಾಸನ್ನೂ ಕಡಿಯಲಾಗದು. ದಂಡವು ಆ ಅವಧಿಯ ವೇತನದ ನೂರಕ್ಕೆ 3ನ್ನು ಮೀರಬಾರದು. ಹಾನಿಯ ಹೆಸರಿನಲ್ಲಿ ಕಡಿಯುವುದಾದರೆ ನೌಕರನ ಸಮಜಾಯಿಷಿಯನ್ನು ಮೊದಲು ಕೇಳಬೇಕು; ಆದ ಹಾನಿಗಿಂತ ಹೆಚ್ಚು ಕಡಿಯಬಾರದು. ಎಲ್ಲ ಕಡಿತಗಳೂ ಕೂಡಿ ವೇತನದ ಅರ್ಧವನ್ನು ದಾಟಬಾರದು. ಹೀಗಿರಲು, ಲೆಕ್ಕವನ್ನು ಸೊನ್ನೆಗೆ ತಂದು ನಿಲ್ಲಿಸುವ ಪದ್ಧತಿಗೆ ಕಾಯಿದೆಯಲ್ಲಿ ಆಸರೆಯೆಲ್ಲಿ?

ಮಾಲಿಕರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆಯ್ಕೆಗೂ ತರಬೇತಿಗೂ ಹಣ ವೆಚ್ಚವಾಗುತ್ತದೆ. ಹೇಳದೆ ಕೇಳದೆ ಹೊರಟುಹೋದವನಿಂದ ಉಳಿದವರಿಗೆ ಭಾರ ಹೆಚ್ಚುತ್ತದೆ. 1931ರಲ್ಲಿ ಮಂಗಳೂರಿನಲ್ಲಿ ಜನ್ಮವೆತ್ತಿದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಕರಾರನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಬಹಿರಂಗ ಸ್ಪರ್ಧೆಯಿಂದಲೇ ಅಧಿಕಾರಿಗಳನ್ನು ಆರಿಸಬೇಕಾದ ಸಾರ್ವಜನಿಕ ಬ್ಯಾಂಕಿನ ವೆಚ್ಚವನ್ನು ಅದು ಗಮನಕ್ಕೆ ತಂದುಕೊಂಡಿತು. ಆದುದರಿಂದ ಸಹಿ ಹಾಕಿದ ಕರಾರು ಬರಿಯ ಕಾಗದವೆಂದು ಯಾರೂ ತಿಳಿಯಬಾರದು. ಆದರೆ ಆ ತೀರ್ಪು ಯಾವ ಮಾಲಿಕನಿಗೂ ತಾನೇ ನ್ಯಾಯಾಧೀಶನಾಗುವ ಅಧಿಕಾರವನ್ನು ಕೊಟ್ಟಿಲ್ಲ. ಕರಾರು ಭಂಗಕ್ಕೆ ಕರಾರಿನಲ್ಲಿ ಬರೆದ ಮೊತ್ತವೇ ಸಲ್ಲಬೇಕೆಂದಿಲ್ಲ, ಅದನ್ನು ಮೀರದಂತೆ ಯುಕ್ತವಾದ ಪರಿಹಾರ ಸಲ್ಲಬೇಕೆಂದು 1872ರ ಕರಾರು ಕಾಯಿದೆಯ 74ನೆಯ ಕಲಮು ಹೇಳುತ್ತದೆ. ಯುಕ್ತವಾದುದು ಎಷ್ಟೆಂಬುದನ್ನು ನಿರ್ಣಯಿಸುವವರು ನ್ಯಾಯಾಲಯದವರು, ಲೆಕ್ಕಪತ್ರದ ಗುಮಾಸ್ತರಲ್ಲ.

ಕೆಲಸ ಬಿಡುವ ತರುಣರಿಗೆ ನಮ್ಮ ಸೂಚನೆಯಿಷ್ಟು. ಸೇರುವ ದಿನವೇ ನೇಮಕದ ಪತ್ರವನ್ನು ಓದಿ ಪ್ರತಿಯನ್ನಿಟ್ಟುಕೊಳ್ಳಿರಿ. ಪರೀಕ್ಷಾ ಅವಧಿಯಲ್ಲಿ ನೋಟೀಸು ಎಷ್ಟು ದಿನವೆಂಬುದನ್ನು ನೋಡಿರಿ. ಆದಷ್ಟು ಮಟ್ಟಿಗೆ ಅದನ್ನು ಪಾಲಿಸಿರಿ. ರಾಜೀನಾಮೆಯನ್ನು ತಾರೀಖು ಹಾಕಿ ಲಿಖಿತವಾಗಿಯೇ ಕೊಡಿರಿ. ಕಂಪನಿಯ ಸಾಮಾನುಗಳನ್ನು ಒಪ್ಪಿಸಿ ರಸೀತಿ ಪಡೆಯಿರಿ. ಹಾಜರಿಯ ದಾಖಲೆಯನ್ನು ಕಾಪಾಡಿರಿ. ಪೂರ್ಣ ಪಾವತಿಯಾಯಿತೆಂಬ ಕಾಗದಕ್ಕೆ ಹಣ ಕೈಸೇರುವ ಮೊದಲು ಸಹಿ ಹಾಕಬೇಡಿರಿ. ಭವಿಷ್ಯನಿಧಿಗೆ ಕಡಿದ ಹಣವು ಖಾತೆಗೆ ಜಮೆಯಾಗಿದೆಯೆ ಎಂಬುದನ್ನೂ ವಿಚಾರಿಸಿರಿ. ಆರು ತಿಂಗಳು ತುಂಬದವರಿಗೂ ಪಿಂಚಣಿ ನಿಧಿಯಿಂದ ಪಾಲು ದೊರೆಯುವಂತೆ 2024ರಲ್ಲಿ ನಿಯಮವನ್ನು ತಿದ್ದಲಾಯಿತು.

ಇಷ್ಟಾದರೂ ಸಂಬಳ ಬಾರದಿದ್ದರೆ ಮೊದಲು ಮಾಲಿಕನಿಗೆ ಒಂದು ಸ್ಪಷ್ಟವಾದ ಪತ್ರ. ಅನಂತರ ಕ್ಲೇಮುಗಳನ್ನು ವಿಚಾರಿಸುವ ಅಧಿಕಾರಿಗೆ ಅರ್ಜಿ. ಅರ್ಜಿ ಸಲ್ಲಿಸಲು ಮೂರು ವರ್ಷಗಳ ಅವಕಾಶವಿದೆ. ಸಂಬಳವನ್ನು ಕೊಟ್ಟಿದ್ದೇನೆಂದು ರುಜುಪಡಿಸುವ ಹೊಣೆಯು ಮಾಲಿಕನದೇ. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವು ಆ ಅಧಿಕಾರಿಗುಂಟು. ಅದಲ್ಲದೆ ಕಡಿಮೆ ಕೊಟ್ಟವನಿಗೆ 50,000 ರೂಪಾಯಿಗಳವರೆಗೆ ದಂಡವೂ ಆಗಬಹುದು.

ಕಾರ್ಮಿಕ ಇಲಾಖೆಯ ಅಧಿಕಾರಿಗಳಲ್ಲಿಯೂ ನಮ್ಮದೊಂದು ವಿನಂತಿಯುಂಟು. ಹದಿನೆಂಟು ದಿನಗಳ ಸಂಬಳವು ನಿಮ್ಮ ಕಡತಗಳಲ್ಲಿ ಅಲ್ಪವಾದ ಮೊತ್ತವಾಗಿ ಕಾಣಬಹುದು. ಬಾಡಿಗೆಯ ಕೋಣೆಯಲ್ಲಿ ಕುಳಿತು ಮುಂದಿನ ನೌಕರಿಯನ್ನು ಹುಡುಕುವವನಿಗೆ ಅದು ಒಂದು ತಿಂಗಳ ಅನ್ನ. ಅದಕ್ಕಾಗಿ ಅವನನ್ನು ಆರು ಸಲ ಅಲೆಯಿಸಿದರೆ, ಏಳನೆಯ ಸಲ ಅವನು ಬರುವುದಿಲ್ಲ. ಕಾಯಿದೆಯು ಕೊಟ್ಟದ್ದನ್ನು ಕಚೇರಿಯ ಮೆಟ್ಟಿಲು ಕಸಿದುಕೊಂಡಂತಾಗುತ್ತದೆ.

ಕಾಯಕಕ್ಕೆ ಗೌರವವಿತ್ತ ನಾಡು ನಮ್ಮದೆಂದು ನಾವು ಹೆಮ್ಮೆಪಡುತ್ತೇವೆ. ಆ ಗೌರವದ ಮೊದಲ ಗುರುತು, ಹೊರಟು ನಿಂತವನ ಕೈಗೆ ಅವನು ದುಡಿದಷ್ಟನ್ನು ಎಣಿಸಿ ಇಡುವುದೇ ಆಗಿದೆ.